ಹೆಸರು ಕೇಳದ ಸಭೆ: ವ್ಯಸನಮುಕ್ತಿ ಕೂಟಗಳಲ್ಲಿ ಅನಾಮಿಕತೆಯ ಅರ್ಥ ಮತ್ತು ಮಿತಿ

ಕುಡಿತದ ಚಟ ರೋಗದ ಮಟ್ಟಕ್ಕೆ ಮುಟ್ಟಿದವರಲ್ಲಿ ಎಷ್ಟು ಮಂದಿ ನೆರವು ಪಡೆಯುತ್ತಾರೆ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ (ಏಮ್ಸ್) ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 38 ಮಂದಿಯಲ್ಲಿ ಒಬ್ಬರು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180 ಮಂದಿಯಲ್ಲಿ ಒಬ್ಬರು. ಹಣದ ಅಡಚಣೆ, ದೂರ, ತಜ್ಞರ ಕೊರತೆ ಇವೆಲ್ಲ ಕಾರಣಗಳೇ. ಆದರೆ ಕೈಯಲ್ಲಿ ಹಣವಿದ್ದು, ಆಸ್ಪತ್ರೆ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿರುವ ನಗರವಾಸಿಯೂ ಅದರ ಗೇಟಿನೊಳಗೆ ಕಾಲಿಡಲು ವರ್ಷಗಟ್ಟಲೆ ಹಿಂಜರಿಯುವುದುಂಟು. ಯಾರಾದರೂ ನೋಡಿದರೆ? ಕಚೇರಿಗೆ ತಿಳಿದರೆ? ಮಗಳ ಮದುವೆಯ ಮಾತುಕತೆಯ ವೇಳೆ ಯಾರಾದರೂ ಎತ್ತಿ ಆಡಿದರೆ? ನಾಲ್ಕು ಜನರ ಬಾಯಿಗೆ ಬೀಳುವ ಈ ಭಯವೂ ಚಿಕಿತ್ಸೆಗೆ ದೊಡ್ಡ ಅಡ್ಡಿಯೇ.

ಈ ಭಯಕ್ಕೆ ಉತ್ತರವಾಗಿ ಕಳೆದ ಶತಮಾನದಲ್ಲಿ ಬೆಳೆದು ಬಂದದ್ದು ಅನಾಮಿಕ ಕೂಟಗಳ ಪದ್ಧತಿ. ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ) ಇವುಗಳಲ್ಲಿ ಮೊದಲನೆಯದು. ಮಾದಕ ವಸ್ತುಗಳ ವ್ಯಸನಿಗಳಿಗಾಗಿ 1953ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ ನಾರ್ಕಾಟಿಕ್ಸ್ ಅನಾನಿಮಸ್, ಕುಡುಕರ ಕುಟುಂಬದವರಿಗಾಗಿ 1951ರಲ್ಲಿ ರೂಪುಗೊಂಡ ಅಲ್-ಅನಾನ್ ಅದೇ ದಾರಿಯಲ್ಲಿ ನಡೆದವು. ಎಎ ಭಾರತಕ್ಕೆ ಬಂದದ್ದು 1957ರಲ್ಲಿ. ಇಂದು ಬೆಂಗಳೂರು, ಮಂಗಳೂರು ಸೇರಿದಂತೆ ಕರ್ನಾಟಕದ ಹಲವೆಡೆ ಇದರ ಸಭೆಗಳು ಜರುಗುತ್ತವೆ. ಕನ್ನಡದಲ್ಲಿಯೇ ನಡೆಯುವ ಸಭೆಗಳೂ ಇವೆ. ಇಲ್ಲಿನ ಅನಾಮಿಕತೆ ಎಂದರೆ ನಿಖರವಾಗಿ ಏನು, ಅದು ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯಲಾರದು ಎಂಬುದು ಒಳಗೆ ಹೋಗುವವರಿಗೂ ಅವರನ್ನು ಕಳುಹಿಸುವ ಮನೆಯವರಿಗೂ ಸ್ಪಷ್ಟವಾಗಿರಬೇಕು. ಏಕೆಂದರೆ ಈ ಅನಾಮಿಕತೆ ಒಂದು ಮಾತು, ಮನುಷ್ಯರು ಪರಸ್ಪರ ಕೊಟ್ಟುಕೊಳ್ಳುವ ಭಾಷೆ. ಅದರ ಹಿಂದೆ ಕಾನೂನಿನ ಬಲ ಇದೆಯೆಂದು ಭಾವಿಸಿ ಹೋದವರು ಪೇಚಿಗೆ ಸಿಲುಕಬಹುದು.

ಅಕ್ರಾನ್‌ನಲ್ಲಿ ಆರಂಭ

ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ 1935ರ ಮೇ ತಿಂಗಳಲ್ಲಿ ವ್ಯವಹಾರವೊಂದರ ನಿಮಿತ್ತ ಅಮೆರಿಕದ ಒಹಾಯೊ ರಾಜ್ಯದ ಅಕ್ರಾನ್ ನಗರಕ್ಕೆ ಬಂದಿದ್ದರು. ಕೆಲಸ ಕೈಗೂಡಲಿಲ್ಲ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಅವರಿಗೆ ಮತ್ತೆ ಕುಡಿಯುವ ಸೆಳೆತ ಬಲವಾಯಿತು. ಇನ್ನೊಬ್ಬ ಕುಡುಕನೊಂದಿಗೆ ಮಾತನಾಡಿದರೆ ತಾನು ಉಳಿದೇನು ಎಂದು ತೋರಿ, ಅಪರಿಚಿತ ಊರಿನಲ್ಲಿ ದೂರವಾಣಿ ಮಾಡುತ್ತಾ ಹೋದರು. ಹಾಗೆ ಭೇಟಿಯಾದವರು ಅಲ್ಲಿನ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಆ ವರ್ಷದ ಜೂನ್ 10ರಂದು ಡಾ. ಸ್ಮಿತ್ ಕೊನೆಯ ಬಾರಿ ಮದ್ಯ ಮುಟ್ಟಿದರೆಂದು, ಆ ದಿನವನ್ನೇ ಎಎ ತನ್ನ ಸ್ಥಾಪನಾ ದಿನವೆಂದು ಪರಿಗಣಿಸುತ್ತದೆ.

ಆರಂಭದಲ್ಲಿ ಈ ಕೂಟಕ್ಕೆ ಹೆಸರೇ ಇರಲಿಲ್ಲ. 1939ರಲ್ಲಿ ಸದಸ್ಯರ ಅನುಭವಗಳನ್ನೊಳಗೊಂಡ ಪುಸ್ತಕವೊಂದು ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಶೀರ್ಷಿಕೆಯಲ್ಲಿ ಹೊರಬಂತು. ಪುಸ್ತಕದ ಹೆಸರೇ ಕೂಟದ ಹೆಸರಾಯಿತು. ಅನಾಮಿಕರಾಗಿ ಉಳಿಯಲು ಆ ಪುಸ್ತಕದ ಮುನ್ನುಡಿ ಕೊಡುವ ಕಾರಣ ಇಂದಿನ ಓದುಗರಿಗೆ ಸೋಜಿಗವೆನಿಸೀತು. ನಾವು ಕೆಲವೇ ಮಂದಿ ಇದ್ದೇವೆ. ಹೆಸರು ಹೊರಬಿದ್ದರೆ ನೆರವು ಕೋರಿ ಬರುವವರ ಮಹಾಪೂರ ನಿಭಾಯಿಸಲು, ಹೊಟ್ಟೆಪಾಡಿನ ಉದ್ಯೋಗ ನೋಡಿಕೊಳ್ಳಲು ಆಗದು ಎಂಬುದು ಅದರ ತಾತ್ಪರ್ಯ. ಅಧ್ಯಾತ್ಮದ ವ್ಯಾಖ್ಯಾನ ಆಮೇಲೆ ಬಂದದ್ದು. ಹುಟ್ಟಿದ್ದು ವ್ಯಾವಹಾರಿಕ ಅಗತ್ಯದಿಂದ.

ಹೆಸರು ಹೇಳಿಕೊಂಡವರ ಪ್ರಸಂಗ

ನಿಯಮ ಗಟ್ಟಿಯಾಗುವ ಮೊದಲು ಅದು ಹಲವು ಬಾರಿ ಮುರಿಯಿತು. 1940ರ ಬೇಸ್‌ಬಾಲ್ ಋತುವಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಪ್ರಸಿದ್ಧ ಆಟಗಾರ ರಾಲಿ ಹೆಮ್ಸ್‌ಲಿ, ತಾನು ಒಂದು ವರ್ಷದಿಂದ ಕುಡಿಯದೇ ಇರುವುದಕ್ಕೆ ಎಎ ಕಾರಣ ಎಂದು ಪತ್ರಕರ್ತರೆದುರು ಹೇಳಿಬಿಟ್ಟರು. ದೇಶಾದ್ಯಂತ ಸುದ್ದಿಯಾಯಿತು. ಅದರಿಂದ ಜನ ಬಂದರೆಂಬುದೂ ನಿಜ. ಪ್ರಚಾರದ ರುಚಿ ಸ್ವತಃ ವಿಲ್ಸನ್ ಅವರಿಗೂ ಹತ್ತಿತು. ಕೆಲಕಾಲ ಅವರು ಊರೂರು ಸುತ್ತಿ ಹೆಸರು, ಭಾವಚಿತ್ರ ಸಹಿತ ಸಂದರ್ಶನ ನೀಡಿದರು. 1941ರ ಮಾರ್ಚ್ 1ರ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಜಾಕ್ ಅಲೆಕ್ಸಾಂಡರ್ ಬರೆದ ಲೇಖನ ಪ್ರಕಟವಾದ ಬಳಿಕವಂತೂ, ಸುಮಾರು 2,000ದಷ್ಟಿದ್ದ ಸದಸ್ಯರ ಸಂಖ್ಯೆ ಆ ವರ್ಷಾಂತ್ಯಕ್ಕೆ 8,000ಕ್ಕೆ ಏರಿತು.

ಹಾಗಿದ್ದರೆ ಪ್ರಚಾರದಿಂದ ಹಾನಿಯೇನು? ಇದಕ್ಕೆ ಹಳೆಯ ಉದಾಹರಣೆಯೊಂದಿತ್ತು. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಆರು ಮಂದಿ ಕುಡುಕರು ಕೂಡಿ ಆರಂಭಿಸಿದ ‘ವಾಷಿಂಗ್ಟೋನಿಯನ್’ ಚಳವಳಿ ಬಹಿರಂಗ ಸಭೆ, ಬಹಿರಂಗ ಪ್ರತಿಜ್ಞೆಗಳನ್ನೇ ನೆಚ್ಚಿತ್ತು. ಕೆಲವೇ ವರ್ಷಗಳಲ್ಲಿ ಅಪಾರ ಜನ ಸೇರಿದರು. ಅಷ್ಟೇ ಬೇಗ ಅದು ಕರಗಿಹೋಯಿತು. ಅದರ ವೇದಿಕೆಗಳಿಂದ ಖ್ಯಾತಿಗೆ ಬಂದ ಭಾಷಣಕಾರ ಜಾನ್ ಗಫ್ 1845ರಲ್ಲಿ ನ್ಯೂಯಾರ್ಕ್‌ನಲ್ಲಿ ಮತ್ತೆ ಕುಡಿದ ಸ್ಥಿತಿಯಲ್ಲಿ ಪತ್ತೆಯಾದಾಗ ಪತ್ರಿಕೆಗಳಿಗೆ ಹಬ್ಬವಾಯಿತು. ಒಬ್ಬ ವ್ಯಕ್ತಿಯ ಜಾರುವಿಕೆ ಇಡೀ ಮಾರ್ಗದ ಸೋಲೆಂದು ಓದಲ್ಪಟ್ಟಿತು. ಕುಡಿತ ಬಿಟ್ಟವರು ಮತ್ತೆ ಎಡವುವುದು ಈ ರೋಗದಲ್ಲಿ ಸಾಮಾನ್ಯ. ಆದುದರಿಂದ ಯಾರ ಹೆಸರನ್ನಾದರೂ ಕಂಬಕ್ಕೆ ಕಟ್ಟಿದರೆ, ಕಂಬದೊಂದಿಗೆ ಮನೆಯೂ ಅಲುಗುವ ಅಪಾಯವಿದ್ದೇ ಇರುತ್ತದೆ.

ಈ ಅನುಭವಗಳ ಫಲವಾಗಿ ವಿಲ್ಸನ್ 1946ರಲ್ಲಿ ಕೂಟದ ನಿಯತಕಾಲಿಕದಲ್ಲಿ ಹನ್ನೆರಡು ಸೂತ್ರಗಳನ್ನು ಮುಂದಿಟ್ಟರು. 1950ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಅವುಗಳನ್ನು ‘ಹನ್ನೆರಡು ಸಂಪ್ರದಾಯ’ಗಳೆಂದು ಅಂಗೀಕರಿಸಿತು. ಪತ್ರಿಕೆ, ರೇಡಿಯೊ, ಸಿನಿಮಾಗಳ ಮಟ್ಟದಲ್ಲಿ ಸದಸ್ಯರು ಅನಾಮಿಕರಾಗಿಯೇ ಉಳಿಯಬೇಕು ಎಂಬುದು ಹನ್ನೊಂದನೆಯದು. ವ್ಯಕ್ತಿಗಿಂತ ತತ್ವ ಮುಂದಿರಬೇಕೆಂಬುದನ್ನು ಅನಾಮಿಕತೆ ನೆನಪಿಸುತ್ತಿರಬೇಕು ಎಂಬುದು ಹನ್ನೆರಡನೆಯದರ ಸಾರ. 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ವಿಲ್ಸನ್ ಅವರಿಗೆ ಗೌರವ ಡಾಕ್ಟರೇಟ್ ನೀಡಲು ಮುಂದಾಯಿತು. ಬಿರುದುಪತ್ರದಲ್ಲಿ ಪೂರ್ಣ ಹೆಸರಿನ ಬದಲು ‘ಡಬ್ಲ್ಯು. ಡಬ್ಲ್ಯು.’ ಎಂದಷ್ಟೇ ಬರೆಯುವ ಸಲಹೆಯೂ ಬಂದಿತ್ತು. ಅವರು ಒಪ್ಪಲಿಲ್ಲ. ಹಿಂದೊಮ್ಮೆ ಪ್ರಚಾರಕ್ಕೆ ಮನಸೋತ ವ್ಯಕ್ತಿಯೇ ಹೀಗೆ ನಿರಾಕರಿಸಿದ್ದು ವಿಶೇಷ. ಸಾಮಾನ್ಯ ಓದುಗರಿಗೆ ಅವರ ಪೂರ್ಣ ಹೆಸರು ತಿಳಿದದ್ದು 1971ರ ಜನವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬಂದ ನಿಧನವಾರ್ತೆಗಳಿಂದ. ಇಬ್ಬರು ಸ್ಥಾಪಕರ ಸಮಾಧಿ ಶಿಲೆಗಳ ಮೇಲೂ ಎಎ ಪ್ರಸ್ತಾಪವಿಲ್ಲ.

ಒಳಗೊಂದು, ಹೊರಗೊಂದು

ಹೀಗೆ ಅನಾಮಿಕತೆಗೆ ಎರಡು ಮುಖಗಳಿವೆ. ಇವನ್ನು ಬೆರೆಸಿಕೊಳ್ಳುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಹೊಸಬನ ರಕ್ಷಣೆ. ಸಭೆಯಲ್ಲಿ ಹಾಜರಿ ಪುಸ್ತಕ ಇರುವುದಿಲ್ಲ, ಸದಸ್ಯತ್ವದ ಅರ್ಜಿ ಇರುವುದಿಲ್ಲ, ಶುಲ್ಕವೂ ಇಲ್ಲ. ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ಕರೆಯಲು ಒಂದು ಹೆಸರು ಸಾಕು. ಅದು ನಿಜವಾದದ್ದೇ ಆಗಿರಬೇಕೆಂದು ಯಾರೂ ಪರೀಕ್ಷಿಸುವುದಿಲ್ಲ. ಪ್ರಪಂಚದ ಸುಮಾರು 180 ದೇಶಗಳಲ್ಲಿ 20 ಲಕ್ಷದಷ್ಟು ಸದಸ್ಯರಿದ್ದಾರೆಂದು ಎಎ ಹೇಳುವುದೂ ಅಂದಾಜಿನ ಮೇಲೆಯೇ, ಏಕೆಂದರೆ ಎಣಿಸಲು ಪಟ್ಟಿಯೇ ಇಲ್ಲ. ಕುಡಿತವುಳ್ಳವರಿಗೆ ಮಾತ್ರ ಮೀಸಲಾದ ಸಭೆಗಳನ್ನು ‘ಕ್ಲೋಸ್ಡ್’, ಮನೆಯವರು, ವಿದ್ಯಾರ್ಥಿಗಳು, ವೈದ್ಯರು ಕುಳಿತು ಕೇಳಬಹುದಾದವನ್ನು ‘ಓಪನ್’ ಎಂದು ಕರೆಯುತ್ತಾರೆ. ಗುರುತು ಸಿಕ್ಕೀತೆಂಬ ಅಂಜಿಕೆ ಹೆಚ್ಚಿರುವವರು ಈ ವ್ಯತ್ಯಾಸವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಎರಡನೆಯದು ಹಳಬನ ಮೇಲಿನ ಕಡಿವಾಣ. ಹತ್ತು ವರ್ಷ ಕುಡಿಯದೇ ಇದ್ದವನು ಟಿವಿ ಪರದೆಯ ಮೇಲೆ ಎಎ ಪ್ರತಿನಿಧಿಯಂತೆ ಕುಳಿತುಕೊಳ್ಳಕೂಡದು. ಕೂಟಕ್ಕೆ ವಕ್ತಾರರಿಲ್ಲ, ತಾರೆಯರಿಲ್ಲ. ಸಂಸ್ಥೆ ಪ್ರತಿ ವರ್ಷ ಮಾಧ್ಯಮಗಳಿಗೆ ಪತ್ರ ಬರೆದು, ಸದಸ್ಯರ ಪೂರ್ಣ ಹೆಸರು, ಗುರುತು ಸಿಗುವಂತಹ ಮುಖ ಪ್ರಕಟಿಸಬೇಡಿರೆಂದು ಕೋರುತ್ತದೆ.

ಹಾಗೆಂದು ತನ್ನ ಕುಡಿತದ ಬಗ್ಗೆ ಬಾಯಿಬಿಡಲೇಬಾರದೆಂಬ ನಿಯಮವಿಲ್ಲ. 1976ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ 52 ಮಂದಿ ಗಣ್ಯರು ಒಟ್ಟಾಗಿ, ತಾವು ಮದ್ಯವ್ಯಸನದಿಂದ ಚೇತರಿಸಿಕೊಂಡವರೆಂದು ಸಾರಿದರು. ಚಂದ್ರನ ಮೇಲೆ ಕಾಲಿಟ್ಟ ಬಜ್ ಆಲ್ಡ್ರಿನ್ ಅವರಲ್ಲೊಬ್ಬರು. ‘ನಾನು ಕುಡಿತ ಬಿಟ್ಟವನು’ ಎಂದು ಲೋಕಕ್ಕೆ ಹೇಳುವುದು ಬೇರೆ, ‘ನಾನು ಎಎ ಸದಸ್ಯ’ ಎಂದು ಮಾಧ್ಯಮದಲ್ಲಿ ಹೇಳುವುದು ಬೇರೆ. ಮನೆಯವರಿಗೆ, ವೈದ್ಯರಿಗೆ, ನೆರವು ಬೇಕಾದ ಗೆಳೆಯನಿಗೆ ಎರಡನೆಯದನ್ನೂ ಹೇಳಬಹುದು. ಆದರೆ ಅದು ಅವರವರ ಹೆಸರಿನ ಮಟ್ಟಿಗೆ ಮಾತ್ರ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವರು ಯಾರೆಂದು ಹೇಳುವ ಹಕ್ಕು ಯಾವ ಸದಸ್ಯನಿಗೂ ಇಲ್ಲ, ಹೆಂಡತಿಯೆದುರಿಗೂ ಇಲ್ಲ.

ಒಂದು ಮಾತು ಇಲ್ಲಿ ಹೇಳಬಹುದು. ಅಮೆರಿಕನ್ನರು ಕುಲನಾಮವನ್ನು ಒಂದಕ್ಷರಕ್ಕೆ ಇಳಿಸಿ ‘ಬಿಲ್ ಡಬ್ಲ್ಯು.’ ಎಂದಾಗ ಗುರುತು ಮರೆಯಾಗುತ್ತದೆ. ನಮ್ಮಲ್ಲಿ ಊರು, ತಂದೆಯ ಹೆಸರುಗಳು ಇನಿಶಿಯಲ್‌ಗಳಾಗಿ ಹಿಂದೆ ನಿಂತಿರುತ್ತವೆ; ಅವನ್ನು ಬಿಟ್ಟ ಮಂಜುನಾಥನೊಬ್ಬ ಲಕ್ಷಾಂತರ ಮಂಜುನಾಥರಲ್ಲಿ ಸಲೀಸಾಗಿ ಕರಗಿಹೋಗುತ್ತಾನೆ. ತೊಡಕಿರುವುದು ಇನ್ನೊಂದೆಡೆ. ‘ಯಾವ ಊರಾಯಿತು ತಮ್ಮದು? ಯಾರ ಪೈಕಿ?’ ಎಂದು ಕೇಳುವುದು ನಮ್ಮಲ್ಲಿ ಸೌಜನ್ಯದ ಮೊದಲ ಪಾಠ. ಅನಾಮಿಕ ಸಭೆಯಲ್ಲಿ ಆ ಸೌಜನ್ಯವನ್ನೇ ಹೊರಗೆ ಚಪ್ಪಲಿಯೊಂದಿಗೆ ಬಿಟ್ಟುಬರಬೇಕಾಗುತ್ತದೆ.

ಊರ ಮುಂದಿನ ಪ್ರತಿಜ್ಞೆ

ಅನಾಮಿಕತೆಯೊಂದೇ ದಾರಿಯೇ? ಕರ್ನಾಟಕದಲ್ಲೇ ಇದಕ್ಕೆ ತೀರ ಬೇರೆಯಾದ ಮಾದರಿಯೊಂದು ದಶಕಗಳಿಂದ ನಡೆದುಬಂದಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಗಳು ಊರೂರುಗಳಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳಲ್ಲಿ ಯಾವುದನ್ನೂ ಮುಚ್ಚಿಡುವುದಿಲ್ಲ. ಊರಿನವರೇ ವ್ಯವಸ್ಥಾಪನಾ ಸಮಿತಿಯಲ್ಲಿರುತ್ತಾರೆ, ಕುಟುಂಬದವರು ಬರುತ್ತಾರೆ, ಸಮಾರೋಪದಲ್ಲಿ ಗಣ್ಯರು ಹರಸುತ್ತಾರೆ. ಶಿಬಿರ ಮುಗಿಸಿದವರನ್ನು ಒಳಗೊಂಡು ‘ನವಜೀವನ ಸಮಿತಿ’ ರಚನೆಯಾಗುತ್ತದೆ. ಬಿಟ್ಟವರು ಮತ್ತೆ ಮತ್ತೆ ಕೂಡಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ.

ಇದರ ತರ್ಕವೂ ಗಟ್ಟಿಯಾದದ್ದೇ. ಸಣ್ಣ ಊರಿನಲ್ಲಿ ಯಾರು ಕುಡಿಯುತ್ತಾರೆಂಬುದು ಗುಟ್ಟಾಗಿ ಉಳಿದಿರುವುದಿಲ್ಲ. ಎಲ್ಲರಿಗೂ ತಿಳಿದಿರುವ ಕುಡಿತವನ್ನು ಎಲ್ಲರೆದುರೇ ಬಿಟ್ಟರೆ ಕಳೆದ ಮರ್ಯಾದೆ ಮರಳುತ್ತದೆ, ಊರ ಕಣ್ಣೇ ಕಾವಲಾಗುತ್ತದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಬಾಗಿಲು ಹಾಕಿಕೊಂಡು ಕುಡಿಯುವ ಬ್ಯಾಂಕ್ ಅಧಿಕಾರಿಗೆ, ಶಾಲಾ ಶಿಕ್ಷಕಿಗೆ ಈ ಲೆಕ್ಕ ಅನ್ವಯಿಸದು. ಅವರಿಗೆ ಕಳೆದುಕೊಳ್ಳಲು ಮರ್ಯಾದೆ ಇನ್ನೂ ಉಳಿದಿದೆ. ಅದನ್ನು ಪಣಕ್ಕೆ ಒಡ್ಡಿ ನೆರವು ಪಡೆಯಿರೆಂದರೆ ಹೆಚ್ಚಿನವರು ಒಲ್ಲೆ ಎಂದಾರು. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದು ಇನ್ನಷ್ಟು ಕಠಿಣ. ಕುಡಿದ ಗಂಡಸಿಗೆ ಕರುಣೆ ತೋರುವ ಸಮಾಜವೇ ಕುಡಿದ ಹೆಂಗಸಿಗೆ ತೋರುವುದಿಲ್ಲ. ಬಹಿರಂಗ ಮಾದರಿಯ ದೌರ್ಬಲ್ಯ ಇನ್ನೊಂದು: ಹಾರ ಹಾಕಿಸಿಕೊಂಡವನು ಆರು ತಿಂಗಳಿಗೆ ಎಡವಿದರೆ, ಮತ್ತೆ ಸಹಾಯ ಕೇಳಲು ಬರುವುದಕ್ಕೆ ಮುಖವೇ ಇಲ್ಲದಂತಾಗುತ್ತದೆ.

ಕಾನೂನು ಏನನ್ನು ಕಾಯುತ್ತದೆ?

ಸಭೆಯಲ್ಲಿ ಆಡಿದ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಹುದೇ? ಇದಕ್ಕೆ ಉತ್ತರ ಸಿಕ್ಕಿದ್ದು ದಾರುಣ ಪ್ರಕರಣವೊಂದರಲ್ಲಿ. 1988ರ ಡಿಸೆಂಬರ್ 31ರಂದು ನ್ಯೂಯಾರ್ಕ್ ಬಳಿಯ ಲಾರ್ಚ್‌ಮಾಂಟ್‌ನಲ್ಲಿ ವೈದ್ಯ ದಂಪತಿಯ ಹತ್ಯೆಯಾಯಿತು. ವರ್ಷಗಟ್ಟಲೆ ಸುಳಿವು ದೊರೆಯಲಿಲ್ಲ. ಅದನ್ನು ಎಸಗಿದ ಯುವಕ ಮುಂದೆ ಎಎ ಸೇರಿ, ಕುಡಿದ ಮತ್ತಿನಲ್ಲಿ ತಾನೇ ಆ ಕೃತ್ಯ ಮಾಡಿರಬೇಕೆಂದು ಹಲವು ಸದಸ್ಯರ ಬಳಿ ಹೇಳಿಕೊಂಡ. ಕೊನೆಗೆ ಒಬ್ಬರ ಮೂಲಕ ಅದು ಪೊಲೀಸರಿಗೆ ತಲುಪಿತು. ಸದಸ್ಯರು ಸಾಕ್ಷಿ ನುಡಿದರು. 1994ರಲ್ಲಿ ಶಿಕ್ಷೆಯೂ ಆಯಿತು. 2001ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು, ಎಎಯನ್ನು ಧಾರ್ಮಿಕ ಸಂಘಟನೆಯೆಂದು ಪರಿಗಣಿಸಿ, ಪಾದ್ರಿಯೆದುರಿನ ತಪ್ಪೊಪ್ಪಿಗೆಗೆ ಇರುವ ರಕ್ಷಣೆ ಇದಕ್ಕೂ ಸಲ್ಲಬೇಕೆಂದು ತೀರ್ಪನ್ನು ಅನೂರ್ಜಿತಗೊಳಿಸಿದರು. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಆತ ಮಾತನಾಡಿದ್ದು ಧಾರ್ಮಿಕ ಮಾರ್ಗದರ್ಶನಕ್ಕಾಗಿ ಅಲ್ಲ ಎಂಬುದು ಅದರ ನಿಲುವಾಗಿತ್ತು.

ಭಾರತದಲ್ಲಿ ಇಂಥ ವಾದಕ್ಕೆ ಆಸ್ಪದ ಇನ್ನೂ ಕಡಿಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ಹಿಂದಿನ ಸಾಕ್ಷ್ಯ ಕಾಯ್ದೆಯಂತೆಯೇ ವಕೀಲ ಮತ್ತು ಕಕ್ಷಿದಾರರ ನಡುವಿನ, ಪತಿ ಪತ್ನಿಯರ ನಡುವಿನ ಮಾತುಗಳಿಗೆ ರಕ್ಷಣೆ ಕೊಡುತ್ತದೆ. ಕೂಟದ ಸಹಸದಸ್ಯರಿಗಾಗಲಿ, ಹೊಸಬರಿಗೆ ಮಾರ್ಗದರ್ಶಕರಾಗಿ ನಿಲ್ಲುವ ‘ಸ್ಪಾನ್ಸರ್’ಗಳಿಗಾಗಲಿ ಅಂಥ ಸ್ಥಾನವಿಲ್ಲ. ಕೊಲೆಯಂತಹ ಘೋರ ಅಪರಾಧದ ಅರಿವಿದ್ದವರು ಪೊಲೀಸರಿಗೆ ಅಥವಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬ ಕರ್ತವ್ಯವನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಧಿಸುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧವೇ. ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದು, ತಾನು ಎಸಗಿದ ತಪ್ಪುಗಳನ್ನು ಇನ್ನೊಬ್ಬ ವ್ಯಕ್ತಿಯೆದುರು ಬಿಚ್ಚಿಡುವುದು. ಅಲ್ಲಿ ಹೇಳಬೇಕಾದದ್ದು ಕಾನೂನಿಗೆ ಸಂಬಂಧಿಸಿದ ಗಂಭೀರ ವಿಷಯವಾಗಿದ್ದರೆ ಮೊದಲು ವಕೀಲರನ್ನು ಕಾಣುವುದು ವಿವೇಕ. ಸುಮ್ಮನೆ ಕೇಳಿಸಿಕೊಂಡವನ ಮೇಲೂ ಹೊರೆ ಬೀಳುತ್ತದೆ ಎಂಬುದನ್ನು ಹೇಳುವವನು ಮರೆಯಬಾರದು.

ಮಾದಕ ವಸ್ತುಗಳ ವಿಷಯ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ‘ನಾನು ಕುಡಿಯುತ್ತಿದ್ದೆ’ ಎಂಬುದು ಅಪರಾಧದ ಒಪ್ಪಿಗೆಯಾಗದು. ‘ಹೆರಾಯಿನ್ ಸೇವಿಸುತ್ತಿದ್ದೆ’ ಎಂಬುದು ಹಾಗಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ವಿಧಿಯಂತೆ ಸೇವನೆಯೂ ಶಿಕ್ಷಾರ್ಹ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಗೆ 64ಎ ವಿಧಿ ವಿನಾಯಿತಿ ಕೊಡುತ್ತದೆಯಾದರೂ, ಚಿಕಿತ್ಸೆ ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆ, ಸಂಸ್ಥೆಗಳಲ್ಲಿ ಆಗಿರಬೇಕು. ಅರ್ಧಕ್ಕೆ ಬಿಟ್ಟರೆ ವಿನಾಯಿತಿ ರದ್ದಾಗಬಹುದು. ವಾರಕ್ಕೊಮ್ಮೆ ಸಭೆಗೆ ಹೋಗುವುದರಿಂದ ಈ ರಕ್ಷಣೆ ದೊರೆಯುವುದಿಲ್ಲ.

ಇದಕ್ಕೆ ಹೋಲಿಸಿದರೆ ಆಸ್ಪತ್ರೆಯ ಕಡತ ಎಷ್ಟೋ ಭದ್ರ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರ 23ನೇ ವಿಧಿ ರೋಗಿಗೆ ಗೋಪ್ಯತೆಯ ಹಕ್ಕು ನೀಡಿದರೆ, 24ನೇ ವಿಧಿ ರೋಗಿಯ ಒಪ್ಪಿಗೆಯಿಲ್ಲದೆ ಭಾವಚಿತ್ರ ಅಥವಾ ಮಾಹಿತಿಯನ್ನು ಮಾಧ್ಯಮಗಳಿಗೆ ಕೊಡುವುದನ್ನು ನಿಷೇಧಿಸುತ್ತದೆ. ಪುನರ್ವಸತಿ ಕೇಂದ್ರಗಳ ‘ಯಶೋಗಾಥೆ’ಗಳನ್ನು ಚಿತ್ರ ಸಹಿತ ಅಚ್ಚು ಹಾಕುವ ನಮ್ಮ ಪತ್ರಕರ್ತ ಬಳಗ ಈ ವಿಧಿಯನ್ನು ಒಮ್ಮೆ ಓದಿಕೊಳ್ಳುವುದು ಲೇಸು. ನ್ಯಾಯಾಲಯದ ಆದೇಶ, ಇತರರ ಪ್ರಾಣಕ್ಕೆ ಅಪಾಯ ಮೊದಲಾದ ಅಪವಾದಗಳು ಕಾಯ್ದೆಯಲ್ಲಿವೆ. ಇದು ಕಟ್ಟಿಹಾಕುವುದು ವೈದ್ಯರು, ಆಪ್ತಸಮಾಲೋಚಕರು, ಸಂಸ್ಥೆಗಳನ್ನು. ಅದೇ ಆಸ್ಪತ್ರೆಯ ಕೊಠಡಿಯಲ್ಲಿ ಸಂಜೆ ಸೇರುವ ಅನಾಮಿಕ ಸಭೆಯ ಸದಸ್ಯರಿಗೆ ಇದು ತಗಲುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ನಿಲ್ಲುತ್ತದೆ. ಬಾಯಿ ಸಡಿಲವಿರುವ ಸಹಸದಸ್ಯನಿಂದ ಕಾಪಾಡಲು ಅದು ಸಾಕಾಗದು.

ಕಿಸೆಯಲ್ಲಿರುವ ಗೂಢಚಾರ

1935ರಲ್ಲಿ ಗುಟ್ಟು ಹೊರಬೀಳಬೇಕಾದರೆ ಯಾರಾದರೂ ಬಾಯಿಬಿಡಬೇಕಿತ್ತು. ಇಂದು ಯಾರೂ ಬಾಯಿಬಿಡದೆಯೂ ಅದು ಸೋರಬಲ್ಲುದು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದೊಡನೆ ನಿಮ್ಮ ಸಂಖ್ಯೆ, ಬಹುತೇಕ ಭಾವಚಿತ್ರವೂ, ಎಲ್ಲ ಸದಸ್ಯರ ಕಣ್ಣಿಗೆ ಬೀಳುತ್ತದೆ. ಸಹೃದಯರೊಬ್ಬರು ನಿಮ್ಮ ಸಂಖ್ಯೆಯನ್ನು ‘ಎಎ ಮಂಜು’ ಎಂದು ಉಳಿಸಿಕೊಂಡರೆ, ಅವರ ಮನೆಯ ಮಕ್ಕಳಿಗೂ ವಿಷಯ ತಿಳಿದಂತೆಯೇ.

ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ. ಈ ಕೂಟಗಳು ಹೊರಗಿನವರಿಂದ ದೇಣಿಗೆ ಪಡೆಯುವುದಿಲ್ಲ. ಬಾಡಿಗೆ, ಚಹಾ ಖರ್ಚಿಗಾಗಿ ಸಭೆಯಲ್ಲಿ ಒಂದು ಚೀಲವೋ ಡಬ್ಬಿಯೋ ಸುತ್ತುತ್ತದೆ. ಯಾರು ಹತ್ತು ರೂಪಾಯಿ ಹಾಕಿದರು, ಯಾರು ಬರಿಗೈ ಆಡಿಸಿದರು ಎಂಬುದು ಯಾರಿಗೂ ತಿಳಿಯದು. ಡಬ್ಬಿಯ ಜಾಗಕ್ಕೆ ಕ್ಯುಆರ್ ಕೋಡ್ ಬಂದರೆ, ಹಣ ಕಳುಹಿಸಿದವರ ಬ್ಯಾಂಕ್ ಖಾತೆಯಲ್ಲಿರುವ ಪೂರ್ಣ ಹೆಸರು, ಇನಿಶಿಯಲ್ ಸಮೇತ, ಪಡೆದವರ ಫೋನಿನಲ್ಲಿ ಮೂಡುತ್ತದೆ. ಇಬ್ಬರ ಖಾತೆ ವಿವರಗಳಲ್ಲೂ ಶಾಶ್ವತವಾಗಿ ಉಳಿಯುತ್ತದೆ. ಈ ಒಂದು ಜಾಗದಲ್ಲಾದರೂ ಚಿಲ್ಲರೆ ನೋಟು ಇಟ್ಟುಕೊಂಡು ಹೋಗುವುದು ಮೇಲು.

2020ರ ಲಾಕ್‌ಡೌನ್ ಕಾಲದಲ್ಲಿ ಸಭೆಗಳು ಝೂಮ್‌ಗೆ ಸ್ಥಳಾಂತರಗೊಂಡವು. ಮನೆಯಿಂದ ಹೊರಡಲಾಗದ ಗೃಹಿಣಿಯರಿಗೆ, ಕನ್ನಡ ಸಭೆ ಇಲ್ಲದ ಊರು ದೇಶಗಳಲ್ಲಿರುವ ಕನ್ನಡಿಗರಿಗೆ ಅದು ವರವಾಯಿತು. ಆದರೆ ಕಚೇರಿಯ ಲ್ಯಾಪ್‌ಟಾಪಿನಿಂದ ಸೇರಿದರೆ ಕಚೇರಿಯ ಹೆಸರು, ಹುದ್ದೆಯೊಂದಿಗೆ ಪರದೆಯ ಮೇಲೆ ಪ್ರತ್ಯಕ್ಷರಾಗುವ ಸಂಭವವಿದೆ. ಹಂಚಿಕೊಂಡ ಕೊಂಡಿಯ ಮೂಲಕ ಪುಂಡರು ನುಗ್ಗಿ ಸಭೆ ಕೆಡಿಸಿದ ಘಟನೆಗಳು ಅಮೆರಿಕದಲ್ಲಿ ಆ ವರ್ಷವೇ ವರದಿಯಾದವು. ಸೇರುವ ಮುನ್ನ ಹೆಸರು ಬದಲಿಸಿಕೊಳ್ಳುವುದು, ಕ್ಯಾಮೆರಾ ಆರಿಸಿಡುವುದು, ಇಯರ್‌ಫೋನ್ ಹಾಕಿಕೊಳ್ಳುವುದು ಕನಿಷ್ಠ ಎಚ್ಚರಿಕೆಗಳು. ಇಯರ್‌ಫೋನ್ ಹಾಕಿಕೊಳ್ಳಬೇಕಾದದ್ದು ಮನೆಯವರಿಂದ ನಿಮ್ಮನ್ನು ಕಾಯಲಿಕ್ಕಷ್ಟೇ ಅಲ್ಲ, ಮಾತನಾಡುತ್ತಿರುವ ಇನ್ನೊಬ್ಬರ ಗುಟ್ಟು ನಿಮ್ಮ ನಡುಮನೆಗೆ ಬೀಳದಿರಲೆಂದು.

ವಾಣಿಜ್ಯ ಆ್ಯಪ್‌ಗಳ ಗತಿಯೇ ಬೇರೆ. ಮದ್ಯವ್ಯಸನಕ್ಕೆ ಆನ್‌ಲೈನ್ ಚಿಕಿತ್ಸೆ ನೀಡುವ ಅಮೆರಿಕದ ಮಾನ್ಯುಮೆಂಟ್ ಎಂಬ ಕಂಪನಿ, ಸುಮಾರು 84,000 ಬಳಕೆದಾರರ ಆರೋಗ್ಯ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಜಾಹೀರಾತು ವೇದಿಕೆಗಳಿಗೆ ಹಂಚಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿ ಕ್ರಮ ಜರುಗಿಸಿತು. ಗೋಪ್ಯತೆಯ ಭರವಸೆ ಆ ಕಂಪನಿಯ ಜಾಲತಾಣದಲ್ಲೂ ಇತ್ತು.

ಅನಾಮಿಕತೆ ಯಾರಿಗೆ ಆಶ್ರಯವಾಗಬಾರದು?

ಹೆಸರು ಕೇಳದ ಜಾಗದಲ್ಲಿ ಕೆಟ್ಟ ಉದ್ದೇಶದವರೂ ಬಂದು ಕೂರಬಹುದು. ಚೇತರಿಕೆಯ ಮೊದಲ ವಾರಗಳಲ್ಲಿ ಮನಸ್ಸು ಹಸಿಯಾಗಿರುವ ಹೊಸಬರನ್ನು, ವಿಶೇಷವಾಗಿ ಮಹಿಳೆಯರನ್ನು, ಹಳೆಯ ಸದಸ್ಯರು ದುರುಪಯೋಗಪಡಿಸಿಕೊಳ್ಳುವ ಸಮಸ್ಯೆಗೆ ಎಎ ವಲಯದಲ್ಲೇ ‘ಹದಿಮೂರನೇ ಹೆಜ್ಜೆ’ ಎಂಬ ಕಹಿ ಹೆಸರಿದೆ. ದುರ್ವರ್ತನೆಗೆ ಅನಾಮಿಕತೆ ಹೊದಿಕೆಯಾಗಲಾರದು, ಸಭೆಯ ಕೊಠಡಿ ಪೊಲೀಸರ ವ್ಯಾಪ್ತಿಯ ಹೊರಗಿಲ್ಲ ಎಂದು ಸಂಸ್ಥೆಯೇ ತನ್ನ ಸುರಕ್ಷತಾ ಸೂಚನೆಗಳಲ್ಲಿ ತಿಳಿಸಿದೆ. ಸಾಲ ಕೇಳಿದರೆ, ಬೆದರಿಸಿದರೆ, ಮೈಮೇಲೆ ಬಿದ್ದರೆ ದೂರು ಕೊಡುವುದು ನಿಯಮಭಂಗವಲ್ಲ. ಮಹಿಳೆಯರಿಗೇ ಮೀಸಲಾದ ಸಭೆ ಸಮೀಪದಲ್ಲಿದ್ದರೆ ಹೊಸದಾಗಿ ಬರುವ ಮಹಿಳೆ ಅಲ್ಲಿಂದ ಆರಂಭಿಸುವುದು ಕ್ಷೇಮ.

ಮನೆಯವರ ಪ್ರಶ್ನೆ ಇದಕ್ಕಿಂತ ಬೇರೆ. ಗಂಡನ ಕುಡಿತದ ಗುಟ್ಟನ್ನು ಇಪ್ಪತ್ತು ವರ್ಷ ಸೆರಗಿನಲ್ಲಿ ಕಟ್ಟಿಕೊಂಡವಳಿಗೆ, ಆತ ಸಭೆಗೆ ಹೋಗಲಾರಂಭಿಸಿದೊಡನೆ ಇನ್ನೊಂದು ಗುಟ್ಟು ಕಾಯುವ ಹೊಣೆ ಬೀಳುತ್ತದೆ. ಆತನಿಗೆ ಮಾತನಾಡಲು ಒಂದು ಕೊಠಡಿ ಸಿಕ್ಕಿತು, ಈಕೆಗೆ? ವಿಲ್ಸನ್ ಅವರ ಪತ್ನಿ ಲೋಯಿಸ್ ಮುಂದೆ ನಿಂತು ಅಲ್-ಅನಾನ್ ಕಟ್ಟಿದ್ದು ಇದೇ ಪ್ರಶ್ನೆಯಿಂದ. ಅಲ್ಲಿಯೂ ಅದೇ ನಿಯಮ. ಪತ್ನಿ ಹೇಳಿಕೊಳ್ಳುವುದು ತನ್ನ ಕಥೆಯನ್ನು. ಗಂಡನ ಹೆಸರು, ಉದ್ಯೋಗ, ಗುರುತುಗಳನ್ನಲ್ಲ. ಹದಿಹರೆಯದ ಮಕ್ಕಳಿಗಾಗಿ 1957ರಿಂದ ಅಲಟೀನ್ ಎಂಬ ಶಾಖೆ ಇದೆ.

ಈ ಸಭೆಗಳಿಂದ ಗುಣವಾಗುತ್ತದೆಯೇ ಎಂದು ಕೇಳುವವರಿಗೆ: 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆ 27 ಅಧ್ಯಯನಗಳ 10,565 ಮಂದಿಯ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿತು. ಜನರನ್ನು ಎಎ ಸಭೆಗಳತ್ತ ಕ್ರಮಬದ್ಧವಾಗಿ ಒಯ್ಯುವ ಚಿಕಿತ್ಸೆಗಳು, ನಿರಂತರವಾಗಿ ಕುಡಿಯದೇ ಇರುವ ವಿಷಯದಲ್ಲಿ ಇತರ ಸ್ಥಾಪಿತ ಚಿಕಿತ್ಸೆಗಳಿಗಿಂತ ಉತ್ತಮ ಫಲ ನೀಡುತ್ತವೆಂದು ಅದು ಕಂಡುಕೊಂಡಿತು. ಆದರೆ ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಅಪಸ್ಮಾರ, ಭ್ರಮಾಸ್ಥಿತಿ ಉಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಅಂಥವರು ಸಭೆಗೆ ಹೋಗುವ ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಎರಡಕ್ಕೂ ಶುಲ್ಕವಿಲ್ಲ. ಕರೆ ಮಾಡಿದವರು ತಮ್ಮ ಹೆಸರು ಹೇಳುವ ಮುನ್ನ, ಈ ಮಾಹಿತಿಯನ್ನು ಎಲ್ಲಿ ಬರೆದಿಡುತ್ತೀರಿ, ಯಾರಿಗೆ ತೋರಿಸುತ್ತೀರಿ ಎಂದು ಕೇಳಿ ತಿಳಿದುಕೊಳ್ಳಬಹುದು.